ಛತ್ರದ ಟೆರೇಸ್ ಮೇಲಿನ 11 ಟನ್ ಎಸಿ: ಮೊದಲ ಸಲ ಸ್ಟಾರ್ಟ್ ಮಾಡಿದೆ, ಸಕ್ಷನ್ 95ರಲ್ಲೇ ನಿಂತಿದೆ

ಛತ್ರದ_ಉಸ್ತುವಾರಿ, ಗುರುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ಬಸವೇಶ್ವರನಗರದ ಕಡೆ ಒಂದು ಕಲ್ಯಾಣ ಮಂಟಪದಲ್ಲಿ ಮೇಂಟೆನೆನ್ಸ್ ನೋಡಿಕೊಳ್ಳುತ್ತೇನೆ. ಐಟಿಐನಲ್ಲಿ ಓದಿದ್ದು ಎಲೆಕ್ಟ್ರಿಕಲ್. ಆಮೇಲೆ ಆರು ವರ್ಷ ಸ್ಪ್ಲಿಟ್ ಎಸಿ ಕೆಲಸ ಮಾಡಿದ್ದೇನೆ. ಟೆರೇಸ್ ಮೇಲೆ ಕೂರಿಸುವ ದೊಡ್ಡ ಪ್ಯಾಕೇಜ್ ಯೂನಿಟ್ ನನ್ನ ಕೈಗೆ ಬಂದಿದ್ದು ಇದೇ ಮೊದಲು.

ಧನುರ್ಮಾಸದಲ್ಲಿ ಮದುವೆ ಇರಲ್ಲ ಅಲ್ವಾ, ಆ ಒಂದು ತಿಂಗಳಲ್ಲಿ ಮಾಲೀಕರು ಊಟದ ಹಾಲ್‌ಗೆ ಎಸಿ ಹಾಕಿಸಿದರು. 11 ಟನ್, ಐದೂವರೆ ಟನ್‌ನ ಎರಡು ಸರ್ಕ್ಯೂಟ್ (ಒಂದೊಂದಕ್ಕೂ ಬೇರೆ ಕಂಪ್ರೆಸರ್, ಬೇರೆ ಗ್ಯಾಸ್ ಪೈಪ್), ಗ್ಯಾಸ್ ಆರ್-410ಎ, ಹಾಲ್‌ಗೆ ಗಾಳಿ ತಳ್ಳುವ ಬ್ಲೋಯರ್ ಬೆಲ್ಟ್ ಮೇಲೆ ಓಡುವುದು. ಕ್ರೇನ್‌ನಲ್ಲಿ ಎತ್ತಿ ಕೂರಿಸಿದರು, ಡಕ್ಟ್ ಜೋಡಿಸಿದರು, ಕೇಬಲ್ ಎಳೆದರು, ಹೋದರು. ಸ್ಟಾರ್ಟ್ ಮಾಡಿಕೊಡಬೇಕಿದ್ದವರಿಗೆ ಈ ವಾರ ಬಿಡುವಿಲ್ಲವಂತೆ. "ನೀವೇ ಸ್ಟಾರ್ಟ್ ಮಾಡಿ, ರೀಡಿಂಗ್ ಬರೆದು ಕಳಿಸಿ" ಎಂದು ಮೆಸೇಜ್ ಹಾಕಿದ್ದಾರೆ. ಸಂಕ್ರಾಂತಿ ಕಳೆಯಿತು, ಭಾನುವಾರ ಮೊದಲ ಮದುವೆ. ಹೆಣ್ಣಿನ ಕಡೆಯವರು ಎಸಿ ಹಾಲ್ ಅಂತಲೇ ಬುಕ್ ಮಾಡಿದ್ದಾರೆ.

ನಾನು ಮಾಡಿದ್ದು ಇಷ್ಟು. ಬುಧವಾರ ಸಂಜೆ ಟೆರೇಸ್ ಮೇಲಿನ ಮೇನ್ ಸ್ವಿಚ್, ಅಂದರೆ ಐಸೊಲೇಟರ್, ಆನ್ ಮಾಡಿ ಬಂದೆ. ರಾತ್ರಿ ವಾಚ್‌ಮನ್ ಎಲ್ಲಾ ಸ್ವಿಚ್ ಆಫ್ ಮಾಡುವಾಗ ಅದನ್ನೂ ಆಫ್ ಮಾಡಿಬಿಟ್ಟಿದ್ದಾರೆ. ಬೆಳಿಗ್ಗೆ ಐದೂವರೆಗೆ ಮತ್ತೆ ಆನ್ ಮಾಡಿದೆ, ಏಳೂವರೆಗೆ ಥರ್ಮೋಸ್ಟಾಟ್ ಕೆಳಗಿಳಿಸಿದೆ. ಬ್ಲೋಯರ್ ಓಡಿತು, ಎರಡೂ ಕಂಪ್ರೆಸರ್ ಒಂದಾದ ಮೇಲೆ ಒಂದು ಎದ್ದವು, ಸದ್ದು ನಯವಾಗಿಯೇ ಇತ್ತು.

ಇಪ್ಪತ್ತು ನಿಮಿಷ ಬಿಟ್ಟು ನೋಡಿದರೆ ಮೊದಲ ಸರ್ಕ್ಯೂಟ್‌ನಲ್ಲಿ ಸಕ್ಷನ್ (ಕಂಪ್ರೆಸರ್‌ಗೆ ಒಳಬರುವ ಗ್ಯಾಸ್ ಪ್ರೆಷರ್) 95 ಪಿಎಸ್‌ಐ, ಹೆಡ್ (ಹೊರಹೋಗುವ ಪ್ರೆಷರ್) 250. ಎರಡನೆಯದೂ ಹೆಚ್ಚುಕಮ್ಮಿ ಅಷ್ಟೇ. ಹೊರಗೆ 18 ಡಿಗ್ರಿ. ಹಾಲ್‌ನಿಂದ ವಾಪಸ್ ಬರುವ ಗಾಳಿ 25, ಗ್ರಿಲ್‌ನಲ್ಲಿ 9. ಒಂದು ಗಂಟೆಯಲ್ಲಿ ಸಕ್ಷನ್ ಪೈಪ್ ಮೇಲೆ ಬೆಳ್ಳಗೆ ಹಿಮ ಕಟ್ಟಿತು. ಭಯ ಆಗಿ ನಿಲ್ಲಿಸಿದ್ದೇನೆ. ವೋಲ್ಟೇಜ್ 422, 416, 410. ಕಂಪ್ರೆಸರ್ ಆಂಪ್ಸ್ 7.9, 7.6, 7.8.

ಗ್ಯಾಸ್ ಕಡಿಮೆ ಇದೆಯಾ? ಸಿಲಿಂಡರ್ ತರಿಸಲೇ? ಅನುಭವ ಇದ್ದವರು ದಯವಿಟ್ಟು ಹೇಳಿ.


ಕೂಲ್_ರಾಜಾಜಿನಗರ, ಗುರುವಾರ

ಪೈಪ್ ಮೇಲೆ ಐಸ್ ಬಂತು, ಸಕ್ಷನ್ 95 ಅಂದರೆ ಗ್ಯಾಸ್ ಕಡಿಮೆಯೇ ಸಾರ್. 410ಕ್ಕೆ 120ರ ಮೇಲೆ ಇರಬೇಕು. ಲಾರಿ, ಕ್ರೇನ್‌ನಲ್ಲಿ ಬರುವಾಗ ಎಲ್ಲೋ ಸಣ್ಣ ಲೀಕ್ ಆಗಿರುತ್ತದೆ. ಎರಡೂ ಸರ್ಕ್ಯೂಟ್‌ಗೆ ಅರ್ಧರ್ಧ ಕೆಜಿ ಹಾಕಿ ನೋಡಿ. ನನ್ನ ಹತ್ತಿರ ಸಿಲಿಂಡರ್ ಇದೆ, ಬೇಕಾದರೆ ಕೊಡುತ್ತೇನೆ.


ಟೆರೇಸ್_ಮೆಕ್ಯಾನಿಕ್, ಗುರುವಾರ ಮಧ್ಯಾಹ್ನ

ದಯವಿಟ್ಟು ಒಂದು ಗ್ರಾಂ ಗ್ಯಾಸ್ ಕೂಡ ಹಾಕಬೇಡಿ. ಸಿಲಿಂಡರ್ ಕೊಡುತ್ತೇನೆ ಎಂದವರ ಒಳ್ಳೇ ಮನಸ್ಸು ಗೊತ್ತು. ಆದರೆ ಇಲ್ಲಿ ಅದು ಬೇಡ.

ಮೊದಲು ಹೀಟರ್ ವಿಷಯ ಹೇಳಿಬಿಡುತ್ತೇನೆ. ರಾತ್ರಿ ಐಸೊಲೇಟರ್ ಆಫ್ ಆಗಿತ್ತು ಎಂದು ಓದಿ ನನ್ನ ಎದೆ ಧಸಕ್ ಎಂದಿತು. ಕಂಪ್ರೆಸರ್ ಹೊಟ್ಟೆಗೆ ಬೆಲ್ಟ್ ತರಹ ಒಂದು ಹೀಟರ್ ಸುತ್ತಿರುತ್ತಾರೆ. ಯೂನಿಟ್ ನಿಂತಿದ್ದಾಗ ಗ್ಯಾಸ್ ಎಲ್ಲಿ ತಣ್ಣಗಿದೆಯೋ ಅಲ್ಲಿಗೆ ಹೋಗಿ ಸೇರುತ್ತದೆ. ಜನವರಿ ರಾತ್ರಿ ಬೆಂಗಳೂರಿನ ಟೆರೇಸ್ ಮೇಲೆ ಕಂಪ್ರೆಸರ್‌ಗಿಂತ ತಣ್ಣಗಿನ ಜಾಗ ಯಾವುದಿದೆ? ಅಲ್ಲಿ ಆಯಿಲ್ ಜೊತೆ ಬೆರೆತು ಕೂತಿರುತ್ತದೆ. ಬೆಳಿಗ್ಗೆ ಹಾಗೇ ಸ್ಟಾರ್ಟ್ ಮಾಡಿದರೆ ಆ ಗ್ಯಾಸ್ ಒಮ್ಮೆಲೇ ಕುದ್ದು, ಆಯಿಲ್ ನೊರೆಯಾಗಿ ಗ್ಯಾಸ್ ಜೊತೆ ಹೊರಗೆ ಹೋಗುತ್ತದೆ. ಬೇರಿಂಗ್‌ಗೆ ಆಯಿಲ್ ಸಿಗಲ್ಲ. ಅದಕ್ಕೇ ಆ ಹೀಟರ್ ಕಂಪ್ರೆಸರ್ ಬಿಸಿ ಮಾಡಲಿ ಅಂತ, ಮೊದಲ ಸಲ ಸ್ಟಾರ್ಟ್ ಮಾಡುವ ಮುಂಚೆ 24 ಗಂಟೆ ಮೇನ್ ಆನ್ ಇರಬೇಕು, ಥರ್ಮೋಸ್ಟಾಟ್ ಆಫ್ ಇರಬೇಕು. ನಿಮ್ಮದು ಎರಡೇ ಗಂಟೆ ಆಗಿದೆ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ಹೊಸೂರು ರಸ್ತೆಯ ಒಂದು ಶೋರೂಮ್‌ನಲ್ಲಿ ಇದೇ ತಪ್ಪು ಮಾಡಿದ್ದೆ. ಓನರ್ ಅವಸರ ಮಾಡಿದರು, ನಾನು ಒಪ್ಪಿಕೊಂಡೆ. ಆವತ್ತು ಏನೂ ಆಗಲಿಲ್ಲ. ಮೂರು ವಾರಕ್ಕೆ ಕಂಪ್ರೆಸರ್ ಜಾಮ್ ಆಯಿತು. ಇವತ್ತಿಗೂ ಬೆಳಿಗ್ಗೆ ಟೆರೇಸ್ ಹತ್ತಿದರೆ ಗೇಜ್ ತೆಗೆಯುವ ಮೊದಲು ಕಂಪ್ರೆಸರ್ ಕೆಳಭಾಗ ಮುಟ್ಟಿ ನೋಡುತ್ತೇನೆ. ಮೇಲುಗಡೆ ತಣ್ಣಗಿದ್ದು ಕೆಳಗೆ ಬೆಚ್ಚಗಿರಬೇಕು, ಈಗಷ್ಟೇ ಇಳಿಸಿದ ಹಾಲಿನ ಪಾತ್ರೆಯ ಹೊರಮೈ ಹಾಗೆ. ಎರಡೂ ಒಂದೇ ತರಹ ತಣ್ಣಗಿದ್ದರೆ ಸ್ಟಾರ್ಟ್ ಇಲ್ಲ. ಈಗಲೇ ಐಸೊಲೇಟರ್ ಆನ್ ಮಾಡಿ, ಅದರ ಮೇಲೆ "ಆಫ್ ಮಾಡಬೇಡಿ" ಅಂತ ದೊಡ್ಡದಾಗಿ ಬರೆದು ಅಂಟಿಸಿ, ವಾಚ್‌ಮನ್‌ಗೆ ಬಾಯಲ್ಲೂ ಹೇಳಿ.

ಇನ್ನು ನಿಮ್ಮ 95. ಗ್ಯಾಸ್ ಕಡಿಮೆ ಇದ್ದರೂ ಸಕ್ಷನ್ ಇಳಿಯುತ್ತದೆ, ಗಾಳಿಯನ್ನು ತಣ್ಣಗೆ ಮಾಡುವ ಕಾಯಿಲ್ ಮೇಲೆ ಗಾಳಿ ಕಡಿಮೆ ಇದ್ದರೂ ಇಳಿಯುತ್ತದೆ. ಐಸ್ ಎರಡರಲ್ಲೂ ಬರುತ್ತದೆ. ಯಾವುದು ಅಂತ ಪ್ರೆಷರ್ ಒಂದೇ ಹೇಳಲ್ಲ, ಪೈಪಿನ ಟೆಂಪರೇಚರ್ ಹೇಳುತ್ತದೆ. 410ಎಗೆ 95 ಪಿಎಸ್‌ಐ ಅಂದರೆ ಕಾಯಿಲ್ ಒಳಗೆ ಸುಮಾರು ಮೈನಸ್ ಒಂದೂವರೆ ಡಿಗ್ರಿ. ಅದಕ್ಕೆ ಹಿಮ. ಗ್ಯಾಸ್ ಕಡಿಮೆ ಇದ್ದಿದ್ದರೆ ಸಕ್ಷನ್ ಪೈಪ್ ಕಂಪ್ರೆಸರ್ ಹತ್ತಿರ ಬರುವಷ್ಟರಲ್ಲಿ ಚೆನ್ನಾಗಿ ಬಿಸಿಯಾಗಿ ಹತ್ತು ಹದಿನೈದು ಡಿಗ್ರಿ ಸೂಪರ್‌ಹೀಟ್ (ಕಾಯಿಲ್ ಒಳಗಿನದಕ್ಕಿಂತ ಪೈಪ್ ಎಷ್ಟು ಡಿಗ್ರಿ ಬಿಸಿ ಎಂಬುದು) ತೋರಿಸುತ್ತಿತ್ತು. ನಿಮ್ಮದು ಅಲ್ಲೂ ಹಿಮ ಕಟ್ಟಿದೆ. ಗಾಳಿ 25ರಿಂದ 9ಕ್ಕೆ ಇಳಿದಿದೆ, ಹದಿನಾರು ಡಿಗ್ರಿ ವ್ಯತ್ಯಾಸ! ಸರಿಯಾದ ಗಾಳಿ ಹೋಗುತ್ತಿದ್ದರೆ ಹತ್ತು, ಹನ್ನೊಂದು ಬರುತ್ತದೆ. ಅಂದರೆ ಸ್ವಲ್ಪವೇ ಗಾಳಿ, ಕಾಯಿಲ್ ಹತ್ತಿರ ಜಾಸ್ತಿ ಹೊತ್ತು ನಿಂತು ಹೋಗುತ್ತಿದೆ. ಅದೂ ಅಲ್ಲದೆ ಎರಡು ಬೇರೆ ಬೇರೆ ಸರ್ಕ್ಯೂಟ್‌ನಲ್ಲಿ ಸರಿಸಮವಾಗಿ ಲೀಕ್ ಆಗಲು ಸಾಧ್ಯವೇ? ಎರಡಕ್ಕೂ ಸೇರಿದ್ದು ಒಂದೇ, ಆ ಬ್ಲೋಯರ್.

ನಾಳೆ ಹೀಟರ್ 24 ಗಂಟೆ ಮುಗಿದ ಮೇಲೆ, ಮಧ್ಯಾಹ್ನ ಬಿಸಿಲು ಬಂದಾಗ ಸ್ಟಾರ್ಟ್ ಮಾಡಿ. 18 ಡಿಗ್ರಿ ಚಳಿಯಲ್ಲಿ, ಖಾಲಿ ಹಾಲ್ ಇಟ್ಟುಕೊಂಡು ಗ್ಯಾಸ್ ಲೆಕ್ಕ ಹಾಕಿದರೆ ಖಂಡಿತ ತಪ್ಪುತ್ತದೆ. ಹತ್ತು ನಿಮಿಷದೊಳಗೆ ಸಕ್ಷನ್ ಪೈಪ್, ಲಿಕ್ವಿಡ್ ಪೈಪ್ ಎರಡರದ್ದೂ ಟೆಂಪರೇಚರ್ ತೆಗೆಯಿರಿ. ಪ್ರೋಬ್ ಕಟ್ಟಿ ಮೇಲೆ ಸ್ಪಾಂಜ್ ಸುತ್ತಿ, ಇಲ್ಲದಿದ್ದರೆ ಗಾಳಿಯ ಬಿಸಿ ಸೇರಿಕೊಳ್ಳುತ್ತದೆ. ಮತ್ತೆ ಹಿಮ ಕಟ್ಟಿದರೆ ನಿಲ್ಲಿಸಿ.

ಅದಕ್ಕೂ ಮೊದಲು ಗಾಳಿ ನೋಡಿ. ಫಿಲ್ಟರ್ ತೆಗೆಯಿರಿ. ಜಿಪ್ಸಮ್ ಸೀಲಿಂಗ್ ಕೆಲಸ ನಡೆದ ಹಾಲ್ ಆದರೆ ಒಂದೇ ದಿನಕ್ಕೆ ಬಿಳಿ ಹಿಟ್ಟು ಮೆತ್ತಿಕೊಂಡಿರುತ್ತದೆ. ಡಕ್ಟ್‌ನಲ್ಲಿ ಡ್ಯಾಂಪರ್ ಮುಚ್ಚಿದೆಯಾ, ಬೆಲ್ಟ್ ಸಡಿಲ ಇದೆಯಾ, ಎರಡು ಪುಲ್ಲಿ ಒಂದೇ ನೇರದಲ್ಲಿವೆಯಾ ನೋಡಿ. ಬ್ಲೋಯರ್ ಮೋಟಾರ್ ಆಂಪ್ಸ್ ನೀವು ಬರೆದೇ ಇಲ್ಲ. ಕೊನೆಗೆ ಇದು: ಬ್ಲೋಯರ್ ಯಾವ ಕಡೆ ತಿರುಗುತ್ತಿದೆ? ಇಂಥ ಬ್ಲೋಯರ್ ಉಲ್ಟಾ ತಿರುಗಿದರೂ ಗಾಳಿ ಮುಂದಕ್ಕೇ ಬರುತ್ತದೆ, ಆದರೆ ಬಹಳ ಕಡಿಮೆ. ಕೈ ಇಟ್ಟು ನೋಡಿದರೆ "ಬರ್ತಾ ಇದೆಯಲ್ಲ" ಅನ್ನಿಸುತ್ತದೆ. ಹೌಸಿಂಗ್ ಮೇಲೆ ಬಾಣದ ಗುರುತು ಇರುತ್ತದೆ. ಆಫ್ ಮಾಡಿ, ನಿಲ್ಲುವ ಕೊನೆಯ ಎರಡು ಸುತ್ತು ನೋಡಿ. ಬೆಲ್ಟ್ ಹತ್ತಿರ ಕೈ, ಬಟ್ಟೆ ತರಬೇಡಿ.

ವೋಲ್ಟೇಜ್ ಪರವಾಗಿಲ್ಲ. ಮೂರರ ಸರಾಸರಿ 416, ಜಾಸ್ತಿ ದೂರ ಇರುವುದು 6 ವೋಲ್ಟ್, ಅಂದರೆ ಒಂದೂವರೆ ಪರ್ಸೆಂಟ್. ಎರಡು ದಾಟಿದರೆ ಮಾತ್ರ ಮೋಟಾರ್ ಬಿಸಿಯಾಗುವ ಚಿಂತೆ.

ಗ್ಯಾಸ್ ಬೇಡ ಎಂದು ಇಷ್ಟು ಒತ್ತಿ ಹೇಳಲು ಕಾರಣ ಇದೆ. 2016ರ ಏಪ್ರಿಲ್‌ನಲ್ಲಿ ಬೆಂಗಳೂರಲ್ಲಿ 39.2 ಡಿಗ್ರಿ ಆಯಿತಲ್ಲ, ಆ ವಾರ ಹೈ ಪ್ರೆಷರ್ ಟ್ರಿಪ್ ಅಂತ ನನಗೆ ಬಂದ ಕಾಲ್‌ಗಳಲ್ಲಿ ಸುಮಾರು ಯೂನಿಟ್‌ಗಳಿಂದ ಗ್ಯಾಸ್ ಹೊರಗೆ ತೆಗೆಯಬೇಕಾಯಿತು. ಚಳಿಗಾಲದಲ್ಲಿ ಗೇಜ್ ನೋಡಿ ಯಾರೋ ಜಾಸ್ತಿ ತುಂಬಿದ್ದರು. ನಿಮ್ಮದು ಫ್ಯಾಕ್ಟರಿಯಲ್ಲೇ ತೂಕ ಹಾಕಿ ತುಂಬಿದ್ದು. ಎಷ್ಟು ಕೆಜಿ ಅಂತ ನೇಮ್ ಪ್ಲೇಟ್ ಮೇಲೇ ಇದೆ.


ಛತ್ರದ_ಉಸ್ತುವಾರಿ, ಶುಕ್ರವಾರ ಸಂಜೆ

ಸಾರ್, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುತ್ತಿಲ್ಲ. ಬ್ಲೋಯರ್ ಉಲ್ಟಾ ತಿರುಗುತ್ತಿತ್ತು!

ಮಧ್ಯಾಹ್ನ ಎರಡು ಗಂಟೆಗೆ ಹೋದೆ. ಮೊದಲು ಕಂಪ್ರೆಸರ್ ಮುಟ್ಟಿದೆ. ಕೆಳಗೆ ಬೆಚ್ಚಗೆ, ಮೇಲೆ ತಣ್ಣಗೆ, ನೀವು ಹೇಳಿದ ಹಾಗೇ. ಫಿಲ್ಟರ್ ತೆಗೆದರೆ ಬಿಳಿ ಪುಡಿ ಇತ್ತು, ತೊಳೆದು ಒಣಗಿಸಿ ಹಾಕಿದೆ. ಆದರೆ ಹಿಮ ಕಟ್ಟುವಷ್ಟೇನೂ ಮುಚ್ಚಿಕೊಂಡಿರಲಿಲ್ಲ. ಬೆಲ್ಟ್ ಸರಿ ಇತ್ತು. ಆಮೇಲೆ ಸ್ಟಾರ್ಟ್ ಮಾಡಿ ರೀಡಿಂಗ್ ತೆಗೆದೆ. ಸಕ್ಷನ್ 97, ಅಲ್ಲಿನ ಪೈಪ್ 5 ಡಿಗ್ರಿ. ಹೆಡ್ 290, ಅಂದರೆ ಪ್ರೆಷರ್-ಟೆಂಪರೇಚರ್ ಚಾರ್ಟ್‌ನಲ್ಲಿ 34 ಡಿಗ್ರಿ. ಲಿಕ್ವಿಡ್ ಪೈಪ್ 27, ಅದು ಚಾರ್ಟ್‌ನ 34ಕ್ಕಿಂತ ಎಷ್ಟು ತಣ್ಣಗಿದೆಯೋ ಅದೇ ಸಬ್‌ಕೂಲಿಂಗ್. ಸೂಪರ್‌ಹೀಟ್ ಆರು, ಸಬ್‌ಕೂಲಿಂಗ್ ಏಳು. ಗ್ಯಾಸ್ ಸರಿ ಇದೆ ಅಂತ ಆಗಲೇ ಸಮಾಧಾನ ಆಯಿತು.

ಬ್ಲೋಯರ್ ಮೋಟಾರ್ ನೇಮ್ ಪ್ಲೇಟ್‌ನಲ್ಲಿ 4.7 ಆಂಪ್ಸ್ ಇದೆ. ಟಾಂಗ್ ಟೆಸ್ಟರ್ ಹಾಕಿದರೆ 2.6. ಆಫ್ ಮಾಡಿ ಪುಲ್ಲಿ ನಿಲ್ಲುವುದನ್ನೇ ನೋಡುತ್ತಾ ನಿಂತೆ. ಬಾಣ ಒಂದು ಕಡೆ, ಪುಲ್ಲಿ ಇನ್ನೊಂದು ಕಡೆ.

ನನಗೆ ಅರ್ಥವಾಗದ್ದು ಏನೆಂದರೆ, ಮೂರು ಫೇಸ್‌ನ ಕ್ರಮವೇ ಉಲ್ಟಾ ಆಗಿದ್ದರೆ ಕಂಪ್ರೆಸರ್ ಕೂಡ ಉಲ್ಟಾ ತಿರುಗಿ ಗಲಾಟೆ ಮಾಡಬೇಕಿತ್ತಲ್ವಾ? ಅವು ಸರಿಯಾಗೇ ಪ್ರೆಷರ್ ಕಟ್ಟುತ್ತಿದ್ದವು. ಐಸೊಲೇಟರ್ ಆಫ್ ಮಾಡಿ, ಬೀಗ ಹಾಕಿ, ಟೆಸ್ಟರ್ ಇಟ್ಟು ಖಚಿತ ಮಾಡಿಕೊಂಡು ಪ್ಯಾನಲ್ ಬಿಚ್ಚಿದೆ. ಎರಡೂ ಕಂಪ್ರೆಸರ್‌ಗೆ ಕರೆಂಟ್ ಕೊಡುವ ಸ್ವಿಚ್, ಅಂದರೆ ಕಾಂಟ್ಯಾಕ್ಟರ್‌ನ ಕೆಳಗಡೆ ವೈರ್ ಕೆಂಪು, ನೀಲಿ, ಹಳದಿ ಅಂತ ಇತ್ತು. ಡ್ರಾಯಿಂಗ್‌ನಲ್ಲಿ ಕೆಂಪು, ಹಳದಿ, ನೀಲಿ. ಆ ಸ್ಕ್ರೂಗಳ ತಲೆ ಮೇಲೆ ಹೊಸ ಗೀರು ಇದ್ದವು. ಬ್ಲೋಯರ್ ಕಾಂಟ್ಯಾಕ್ಟರ್ ಮಾತ್ರ ಯಾರೂ ಮುಟ್ಟಿರಲಿಲ್ಲ. ಇನ್ನೊಂದು ನೋಡಿ ಕೈ ನಿಂತೇ ಹೋಯಿತು. ಫೇಸ್ ಕ್ರಮ ತಪ್ಪಿದರೆ ಯೂನಿಟ್ ಏಳದಂತೆ ತಡೆಯುವ ಫೇಸ್ ಸೀಕ್ವೆನ್ಸ್ ರಿಲೇಯ ಎರಡು ಟರ್ಮಿನಲ್ ನಡುವೆ ಒಂದು ಬೆರಳುದ್ದದ ಕೆಂಪು ವೈರ್ ತುಂಡು. ರಿಲೇಯನ್ನೇ ಬೈಪಾಸ್ ಮಾಡಿದ್ದಾರೆ.

ಈಗ ಏನು ಮಾಡಲಿ? ಬ್ಲೋಯರ್‌ದು ಎರಡು ವೈರ್ ಅದಲು ಬದಲು ಮಾಡಿದರೆ ಸಾಕಾ?


ಟೆರೇಸ್_ಮೆಕ್ಯಾನಿಕ್, ಶುಕ್ರವಾರ ರಾತ್ರಿ

ಬೇಡ. ಓಡೇನೋ ಓಡುತ್ತದೆ, ಆದರೆ ತಪ್ಪು ಒಳಗೇ ಉಳಿಯುತ್ತದೆ.

ನಡೆದದ್ದು ಹೀಗಿರಬೇಕು. ಟೆರೇಸ್‌ಗೆ ಕೇಬಲ್ ಎಳೆದಾಗ ಎರಡು ಫೇಸ್ ಹಿಂದುಮುಂದಾಗಿದೆ. ರಿಲೇ ಕೆಂಪು ಲೈಟ್ ತೋರಿಸಿ ಬಿಡಲಿಲ್ಲ. ರಿಲೇ ಕೆಟ್ಟಿದೆ ಎಂದುಕೊಂಡು ವೈರ್ ಹಾಕಿ ದಾಟಿಸಿದ್ದಾರೆ. ಆಮೇಲೆ ಕಂಪ್ರೆಸರ್ ಕಿರುಚಿದೆ. ಸ್ಕ್ರಾಲ್ ಕಂಪ್ರೆಸರ್ ಉಲ್ಟಾ ತಿರುಗಿದರೆ ಪ್ರೆಷರ್ ಕಟ್ಟಲ್ಲ, ಸದ್ದು ಮಾತ್ರ ಮಾಡುತ್ತದೆ. ಆ ಸದ್ದು ನಿಲ್ಲಿಸಲು ಅಲ್ಲೇ ವೈರ್ ಬದಲಾಯಿಸಿದ್ದಾರೆ. ಬ್ಲೋಯರ್ ಸದ್ದು ಮಾಡಲಿಲ್ಲ, ಅದನ್ನು ಯಾರೂ ನೋಡಲಿಲ್ಲ. ಬಿಸಿ ಹೊರಹಾಕುವ ಕಂಡೆನ್ಸರ್ ಫ್ಯಾನ್ ನಿಮ್ಮಲ್ಲಿ ಸಿಂಗಲ್ ಫೇಸ್ ಇರಬೇಕು, ಅದಕ್ಕೆ ಇದು ತಟ್ಟಲೇ ಇಲ್ಲ.

ಕಂಪ್ರೆಸರ್ ವೈರ್‌ಗಳನ್ನು ಡ್ರಾಯಿಂಗ್ ಇದ್ದ ಹಾಗೆ ವಾಪಸ್ ಹಾಕಿ. ಆ ಕೆಂಪು ತುಂಡು ತೆಗೆಯಿರಿ. ಯೂನಿಟ್‌ಗೆ ಕೇಬಲ್ ಬರುವ ಕಡೆ, ಅಂದರೆ ಐಸೊಲೇಟರ್‌ನಿಂದ ಹೊರಡುವ ಜಾಗದಲ್ಲಿ, ಎರಡು ಫೇಸ್ ಬದಲಾಯಿಸಿ. ಆಗ ಒಳಗಿನದೆಲ್ಲಾ ಒಟ್ಟಿಗೆ ಸರಿಯಾಗುತ್ತದೆ. ಐಸೊಲೇಟರ್ ಒಳಗೆ ಬರುವ ಟರ್ಮಿನಲ್‌ನಲ್ಲಿ ಕರೆಂಟ್ ಇದ್ದೇ ಇರುತ್ತದೆ, ಕೆಳಗಿನ ಪ್ಯಾನಲ್‌ನಲ್ಲೂ ಆಫ್ ಮಾಡಿಕೊಳ್ಳಿ. ಸ್ಕ್ರೂ ಎಲ್ಲಾ ಒಂದು ಸಲ ಬಿಗಿ ಮಾಡಿ. ಲಾರಿಯಲ್ಲಿ ಬಂದ ಯೂನಿಟ್‌ನಲ್ಲಿ ಸಡಿಲ ಸ್ಕ್ರೂ ಇಲ್ಲದ್ದು ಅಪರೂಪ. ಇಷ್ಟಾದ ಮೇಲೆ ರಿಲೇ ಹಸಿರು ಬಂದರೆ ಮಾತ್ರ ಸ್ಟಾರ್ಟ್. ಕೆಲಸಕ್ಕೆ ಎಷ್ಟು ಹೊತ್ತು ಕರೆಂಟ್ ತೆಗೆದಿದ್ದಿರಿ ಅಂತ ನೋಡಿಕೊಳ್ಳಿ. ಅರ್ಧ ಗಂಟೆ ಆದರೆ ಪರವಾಗಿಲ್ಲ, ರಾತ್ರಿಯಿಡೀ ಆಫ್ ಇದ್ದರೆ ಹೀಟರ್ ಮತ್ತೆ ಮೊದಲಿನಿಂದ.

ಬೆಂಗಳೂರಿನ ಗಾಳಿ ಬಗ್ಗೆಯೂ ಒಂದು ಮಾತು. ನಾವು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದ್ದೇವೆ. ಇಲ್ಲಿ ಗಾಳಿ ಸುಮಾರು ಹತ್ತು ಪರ್ಸೆಂಟ್ ತೆಳು. ಟನ್‌ಗೆ 400 ಸಿಎಫ್‌ಎಂ (ನಿಮಿಷಕ್ಕೆ ಅಷ್ಟು ಘನ ಅಡಿ ಗಾಳಿ) ಲೆಕ್ಕದಲ್ಲಿ ನಿಮಗೆ 4400 ಬೇಕು. ಇಲ್ಲಿ ಅದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದು, ಕಡಿಮೆ ಅಂತೂ ಆಗಬಾರದು. ಚೆನ್ನೈನಿಂದ ಬಂದ ಹುಡುಗನೊಬ್ಬ ಇಲ್ಲಿ ಪೈಪ್ ಒಳಗಿನ ಗಾಳಿ ಎಳೆಯಲು ವ್ಯಾಕ್ಯೂಮ್ ಪಂಪ್ ಹಾಕಿ, ಗೇಜ್ ಮುಳ್ಳು 27 ಇಂಚಿನಲ್ಲೇ ನಿಂತಿತು, 30ಕ್ಕೆ ಹೋಗಲ್ಲ, ಪಂಪ್ ಕೆಟ್ಟಿದೆ ಎಂದು ಅರ್ಧ ದಿನ ಒದ್ದಾಡಿದ್ದ. ಪಂಪ್ ಚೆನ್ನಾಗಿಯೇ ಇತ್ತು. ಈ ಊರಲ್ಲಿ ಆ ಮುಳ್ಳು ಅಷ್ಟಕ್ಕೇ ನಿಲ್ಲುವುದು. ಒಳಗೆ ಉಳಿದ ಪ್ರೆಷರ್ ನೇರವಾಗಿ ತೋರಿಸುವ ಮೈಕ್ರಾನ್ ಗೇಜ್ ಇಟ್ಟು 500 ಮೈಕ್ರಾನ್ ನೋಡಬೇಕು.

ಡ್ರೈನ್ ಪೈಪ್‌ಗೆ ಯು ಟ್ರ್ಯಾಪ್ ಇದೆಯಾ? ಬ್ಲೋಯರ್ ಕಾಯಿಲ್ ಮೂಲಕ ಗಾಳಿ ಎಳೆಯುವ ಯೂನಿಟ್‌ನಲ್ಲಿ ಟ್ರ್ಯಾಪ್ ಇಲ್ಲದಿದ್ದರೆ ಹೊರಗಿನ ಗಾಳಿ ಪೈಪ್‌ನಿಂದ ಒಳಗೆ ನುಗ್ಗಿ ನೀರನ್ನು ಇಳಿಯಲು ಬಿಡಲ್ಲ. ಟ್ರೇ ತುಂಬಿ ಡಕ್ಟ್‌ಗೆ ಇಳಿಯುತ್ತದೆ. ಉಲ್ಟಾ ಬ್ಲೋಯರ್‌ನಲ್ಲಿ ಎಳೆತ ಕಡಿಮೆ ಇದ್ದುದರಿಂದ ಇದು ನಿಮಗೆ ಕಂಡಿರಲ್ಲ. ಈಗ ಕಾಣಬಹುದು. ಹೊಸ ಟ್ರ್ಯಾಪ್ ಒಣಗಿರುತ್ತದೆ, ಒಂದು ಚೊಂಬು ನೀರು ಹುಯ್ಯಿರಿ.


ವೈರ್‌ಮನ್_ಮಾಗಡಿರೋಡ್, ಶನಿವಾರ ಬೆಳಿಗ್ಗೆ

ಎಲ್ಲಾ ಹೇಳಿದಿರಿ, ಜನರೇಟರ್ ಬಿಟ್ಟಿರಿ. ಛತ್ರ ಅಂದರೆ ಡಿಜಿ ಇದ್ದೇ ಇರುತ್ತದೆ. ಬೆಸ್ಕಾಂ ಕರೆಂಟ್‌ನಲ್ಲಿ ಫೇಸ್ ಸರಿ ಮಾಡಿದ ಮಾತ್ರಕ್ಕೆ ಡಿಜಿಯಲ್ಲೂ ಸರಿ ಇರುತ್ತದೆ ಅಂತಿಲ್ಲ. ಇವತ್ತೇ ಬೆಸ್ಕಾಂನಿಂದ ಡಿಜಿಗೆ ಬದಲಿಸುವ ಚೇಂಜ್ ಓವರ್ ಸ್ವಿಚ್ ಹಾಕಿ, ಫೇಸ್ ಸೀಕ್ವೆನ್ಸ್ ಮೀಟರ್ ಇಟ್ಟು ನೋಡಿ. ತಪ್ಪಿದ್ದರೆ ಡಿಜಿಯಿಂದ ಚೇಂಜ್ ಓವರ್‌ಗೆ ಬರುವ ಕಡೆಯೇ ಬದಲಾಯಿಸಬೇಕು, ಟೆರೇಸ್‌ನಲ್ಲಿ ಅಲ್ಲ. ಟೆರೇಸ್‌ನಲ್ಲಿ ಮಾಡಿದರೆ ಬೆಸ್ಕಾಂ ಬಂದಾಗ ಮತ್ತೆ ಉಲ್ಟಾ. ಬೋರ್‌ವೆಲ್ ಮೋಟಾರ್, ಲಿಫ್ಟ್ ಡಿಜಿ ಮೇಲಿದ್ದರೆ ಅವನ್ನೂ ನೋಡಿಕೊಳ್ಳಿ. ಇನ್ನೊಂದು, ಕರೆಂಟ್ ಹೋಗಿ ಬಂದ ತಕ್ಷಣ ಕಂಪ್ರೆಸರ್ ಏಳಬಾರದು. ಮೂರು ನಿಮಿಷದ ಟೈಮರ್ ಕೆಲಸ ಮಾಡುತ್ತಿದೆಯಾ ಅಂತ ಗಡಿಯಾರ ಹಿಡಿದು ನೋಡಿ.


ಛತ್ರದ_ಉಸ್ತುವಾರಿ, ಸೋಮವಾರ

ಮೂವರಿಗೂ ನಮಸ್ಕಾರ. ಕೂಲ್_ರಾಜಾಜಿನಗರ ಅವರೇ, ನಿಮಗೂ. ನಿಮ್ಮ ಉತ್ತರ ಒಂದೇ ಬಂದಿದ್ದರೆ ನಾನೂ ಅದನ್ನೇ ಮಾಡುತ್ತಿದ್ದೆ.

ಶನಿವಾರ ವೈರ್ ಎಲ್ಲಾ ಡ್ರಾಯಿಂಗ್ ಪ್ರಕಾರ ಹಾಕಿ, ಮೇನ್ ಕಡೆ ಫೇಸ್ ಬದಲಾಯಿಸಿದೆ. ರಿಲೇ ಹಸಿರು ಬಂತು. ಬ್ಲೋಯರ್ ಎದ್ದಾಗ ಡಕ್ಟ್ ಶೀಟ್ "ಧಬ್" ಅಂತ ಉಬ್ಬಿತು. ಅಲ್ಲಿಯವರೆಗೆ ಆ ಸದ್ದೇ ಕೇಳಿರಲಿಲ್ಲ. ಕೆಳಗೆ ಹಾಲ್‌ನಲ್ಲಿ ಗ್ರಿಲ್‌ಗೆ ಸಿಕ್ಕಿಸಿದ್ದ ಪೇಪರ್ ಚೂರು ಹಾರಿ ಬಿತ್ತು. ಬ್ಲೋಯರ್ 4.1 ಆಂಪ್ಸ್. ಹೊರಗೆ 28 ಡಿಗ್ರಿ ಇದ್ದಾಗ ಸಕ್ಷನ್ 128, ಹೆಡ್ 325. ಸೂಪರ್‌ಹೀಟ್ ಆರು, ಸಬ್‌ಕೂಲಿಂಗ್ ಏಳು. ಗಾಳಿ 26ರಿಂದ 15ಕ್ಕೆ. ಎರಡನೇ ಸರ್ಕ್ಯೂಟ್ ಒಂದೆರಡು ಪಿಎಸ್‌ಐ ಆಚೀಚೆ. ಒಂದು ಗ್ರಾಂ ಗ್ಯಾಸ್ ಹಾಕಿಲ್ಲ.

ಟ್ರ್ಯಾಪ್ ಇರಲಿಲ್ಲ ಸಾರ್. ಪೈಪ್ ನೇರವಾಗಿ ಬಿಟ್ಟಿದ್ದರು. ಬ್ಲೋಯರ್ ಸರಿಯಾದ ಅರ್ಧ ಗಂಟೆಗೆ ಟ್ರೇಯಲ್ಲಿ ನೀರು ನಿಂತಿತು. ಪೈಪ್ ಬಾಯಿಗೆ ಅಂಗೈ ಇಟ್ಟರೆ ಒಳಕ್ಕೆ ಎಳೆಯುತ್ತಿತ್ತು. ಪಿವಿಸಿ ಬೆಂಡ್ ತಂದು ಯು ಮಾಡಿ ನೀರು ಹುಯ್ದೆ, ಟ್ರೇ ಗುಳುಗುಳು ಅಂತ ಖಾಲಿಯಾಯಿತು.

ಡಿಜಿಯಲ್ಲಿ ವೈರ್‌ಮನ್ ಅಣ್ಣ ಹೇಳಿದ ಹಾಗೇ ಆಯಿತು. ದಸರಾ ಹೊತ್ತಿಗೆ ಹಳೇ ಜನರೇಟರ್ ಕೊಟ್ಟು ಬೇರೆ ತಂದಿದ್ದರು. ಅದರ ಮೇಲೆ ಲೈಟು, ಫ್ಯಾನ್ ಬಿಟ್ಟು ಮೂರು ಫೇಸಿನದು ಏನೂ ಓಡಿಸಿರಲಿಲ್ಲ. ಚೇಂಜ್ ಓವರ್ ಹಾಕಿದ ತಕ್ಷಣ ರಿಲೇ ಕೆಂಪಾಯಿತು, ಯೂನಿಟ್ ಏಳಲಿಲ್ಲ. ಆ ಕೆಂಪು ವೈರ್ ತುಂಡು ಅಲ್ಲೇ ಇದ್ದಿದ್ದರೆ ಎರಡೂ ಕಂಪ್ರೆಸರ್ ಉಲ್ಟಾ ಓಡುತ್ತಿದ್ದವು. ಡಿಜಿ ಕಡೆ ಬದಲಾಯಿಸಿ ಮತ್ತೆ ನೋಡಿದೆವು, ಹಸಿರು. ಟೈಮರ್ ಮೂರು ನಿಮಿಷ ಹತ್ತು ಸೆಕೆಂಡ್.

ಭಾನುವಾರ ಮುಹೂರ್ತದ ಊಟಕ್ಕೆ ಎರಡನೇ ಪಂಕ್ತಿ ಕೂತಾಗ ಟೆರೇಸ್‌ಗೆ ಹೋಗಿದ್ದೆ. ಹಾಲ್‌ನಲ್ಲಿ ಇನ್ನೂರು ಜನ, ಬಿಸಿ ಅನ್ನ, ಸಾರು. ವಾಪಸ್ ಗಾಳಿ 27, ಸಕ್ಷನ್ 134, ಹೆಡ್ 338. ಹನ್ನೆರಡೂಮುಕ್ಕಾಲಿಗೆ ಕರೆಂಟ್ ಹೋಯಿತು. ಡಿಜಿ ಎದ್ದಿತು, ಮೂರು ನಿಮಿಷಕ್ಕೆ ಮೊದಲ ಕಂಪ್ರೆಸರ್, ಆಮೇಲೆ ಎರಡನೆಯದು. ರೀಡಿಂಗ್ ಎಲ್ಲಾ ಬರೆದು ಪ್ಯಾನಲ್ ಬಾಗಿಲಿನ ಒಳಗಡೆ ಅಂಟಿಸಿದ್ದೇನೆ, ಆ ಕೆಂಪು ವೈರ್ ತುಂಡನ್ನೂ ಅದರ ಪಕ್ಕ ಟೇಪ್ ಹಾಕಿ ಇಟ್ಟಿದ್ದೇನೆ. ಇಳಿದು ಬರುವಾಗ ನೋಡಿದೆ, ಟ್ರ್ಯಾಪ್‌ನಿಂದ ಬೆರಳು ದಪ್ಪ ನೀರು ಬಿಡದೆ ಹರಿಯುತ್ತಿತ್ತು.